ಮೇಲೆ ನೋಡಿದರೆ ಹಿಮ ಕಪ್ಪಗಿತ್ತು

ನಾನು ಬರೆದ ಮೊದಲ ಹಿಮ ಬಿದ್ದದ್ದು 'ಕೋಲ್ಡ್ ಡ್ರಿಂಕ್ಸ್' ಅನ್ನೋ ಅಕ್ಷರಗಳ ಮೇಲೆ. ಗದಗದಲ್ಲಿ ಒಂದು ಅಂಗಡಿಯ ಬೋರ್ಡು. ನನಗಾಗ ಹದಿನೇಳು ವರ್ಷ. ಅಕ್ಷರಕ್ಕೆ ಕಡು ನೀಲಿ, ಅದರ ನೆತ್ತಿಯ ಮೇಲೆ ದಪ್ಪಗೆ ಬಿಳಿ, ಆ ಬಿಳಿಯಿಂದ ಕೆಳಕ್ಕೆ ಸೋರುತ್ತಿರುವ ನಾಲ್ಕೈದು ಹನಿ. ಅಷ್ಟು ಬರೆದರೆ ಸಾಕು, ಏಪ್ರಿಲ್ ಬಿಸಿಲಲ್ಲಿ ಬಸ್ಸಿಳಿದವನಿಗೆ ಬೋರ್ಡು ನೋಡಿಯೇ ಗಂಟಲು ತಣ್ಣಗಾಗಬೇಕು. ಏಸಿ ರೂಮಿರುವ ಲಾಡ್ಜಿಗೂ ಅದೇ ಹಿಮ, ಐಸ್‌ಕ್ರೀಂ ಗಾಡಿಗೂ ಅದೇ, 'ಹವಾನಿಯಂತ್ರಿತ' ಅಂತ ಬರೆಸುವ ಸೀರೆ ಅಂಗಡಿಗೂ ಅದೇ. ಸಾದಾ ಅಕ್ಷರಕ್ಕಿಂತ ಹಿಮ ಬಿದ್ದ ಅಕ್ಷರಕ್ಕೆ ರೇಟು ಜಾಸ್ತಿ. ಹಾಗಾಗಿ ಬೋರ್ಡು ಬರೆಸಲು ಬಂದವರಿಗೆ ನಾನೇ ಹೇಳುತ್ತಿದ್ದೆ, "ಒಂದೀಟು ಹಿಮ ಹಾಕೋಣ್ರಿ, ಚಲೋ ಕಾಣತೈತಿ."

ಆಮೇಲೆ ಫ್ಲೆಕ್ಸ್ ಬಂತು. ಬೋರ್ಡು ಬರೆಯುವವರ ಕಥೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ನಾನು ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ ಆದೆ. ರಜೆಯಲ್ಲಿ ಜಲವರ್ಣದ ಚಿತ್ರ ಬರೆಯತೊಡಗಿದೆ. ಹಿಮ ಮಾತ್ರ ಬಿಡಲಿಲ್ಲ. ಮದುವೆ ಮನೆಯವರು ಗೋಡೆಗೆ 'ಕಾಶ್ಮೀರ ಸೀನರಿ' ಕೇಳುತ್ತಾರೆ. ಶಾಲೆಯ ಗೋಡೆಗೆ ಹಿಮಾಲಯ ಬೇಕು. ಜಲವರ್ಣದಲ್ಲಿ ಬಿಳಿ ಬಣ್ಣ ಮುಟ್ಟಬಾರದು ಅನ್ನೋದು ಒಂದು ಹಳೇ ಮಡಿ. ಬಿಳಿ ಬೇಕಾದ ಕಡೆ ಕಾಗದವನ್ನೇ ಖಾಲಿ ಬಿಡಬೇಕು. ನನಗೆ ಅದು ಬಹಳ ಅನುಕೂಲವಾಗಿತ್ತು. ಕಣ್ಣಲ್ಲಿ ಕಾಣದ ವಸ್ತುವನ್ನು ಬರೆಯದೆ ಬಿಟ್ಟರೆ ಅದೇ ಹಿಮ! ಇಪ್ಪತ್ತು ವರ್ಷ ಹೀಗೇ ನಡೆಯಿತು.

ನೋಡದೆ ಬರೆದದ್ದರಲ್ಲಿ ತಪ್ಪಿದೆ ಅಂತ ನಾನು ಹೇಳುತ್ತಿಲ್ಲ. ಐರಾವತವನ್ನೂ ಯಾರೂ ನೋಡಿಲ್ಲ, ಆದರೂ ಎಲ್ಲ ದೇವಸ್ಥಾನದ ಗೋಡೆಯ ಮೇಲೂ ಇದೆ, ಅಲ್ವಾ? ತಲೆ ಕೊರೆಯುತ್ತಿರುವುದು ಬೇರೆ. ಹೋದ ವರ್ಷ ಜನವರಿಯಲ್ಲಿ ನಾನು ಹಿಮ ಬೀಳುವುದನ್ನು ಕಣ್ಣಾರೆ ನೋಡಿದೆ. ಅವತ್ತಿನಿಂದ ಹಿಮ ಬರೆಯಲು ಕೂತರೆ ಕೈ ಓಡುವುದಿಲ್ಲ.

ಕೈಲಾಸದ ಪರದೆ

ಮೊದಲು ನಮ್ಮ ಮಾಮಾನ ವಿಷಯ ಹೇಳಬೇಕು. ಅವ್ವನ ತಮ್ಮ. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ. ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತಿರುತ್ತದೆ, ಬನದ ಹುಣ್ಣಿಮೆಗೆ ಶುರುವಾದರೆ ವಾರಗಟ್ಟಲೆ ಅಲ್ಲಿ ಸಾಲಾಗಿ ನಾಟಕದ ಥೇಟರು. ಒಂದು ಕಂಪನಿಯ ಹಾರ್ಮೋನಿಯಂ ಇನ್ನೊಂದು ಕಂಪನಿಯ ಟೆಂಟಿನೊಳಗೆ ಕೇಳಿಸುತ್ತದೆ. ನಾನು ಆರನೇ ಇಯತ್ತೆಯಲ್ಲಿದ್ದಾಗ ಒಂದು ಸಲ ಮಾಮಾನ ಜೊತೆ ಹೋಗಿ ಎಂಟು ದಿನ ಉಳಿದಿದ್ದೆ. ಬಣ್ಣ ಕಲಸುವುದು, ಕುಂಚ ತೊಳೆಯುವುದು, ಚಹಾ ತರುವುದು ನನ್ನ ಕೆಲಸ.

ದರ್ಬಾರು, ಕಾಡು, ಬೀದಿ, ಬಡವನ ಮನೆ, ಕೈಲಾಸ. ಇಷ್ಟು ಪರದೆ ಇದ್ದರೆ ಯಾವ ನಾಟಕವನ್ನಾದರೂ ದಾಟಿಸಬಹುದು ಅಂತಿದ್ದ ಮಾಮಾ. ಆ ಸಲ ಬರೆಯಬೇಕಾಗಿದ್ದದ್ದು ಕೈಲಾಸ. ನೆಲದ ಮೇಲೆ ಹಾಸಿದ ಬಟ್ಟೆ, ಅದರ ಮೇಲೆ ಬರಿಗಾಲಲ್ಲಿ ಮಾಮಾ, ಕೈಯಲ್ಲಿ ಉದ್ದ ಕೋಲಿಗೆ ಕಟ್ಟಿದ ಕುಂಚ. ಬಕೀಟಿನಲ್ಲಿ ಬಿಳಿ ಪುಡಿಗೆ ಅಂಟು ಹಾಕಿ ನಾನು ಕಲಸುತ್ತಿದ್ದೆ. ಮಾಮಾ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಅದರೊಳಗಿದ್ದ ನೀಲಿಯನ್ನು ಬಕೀಟಿಗೆ ಸುರಿದ. ಧೋತರಕ್ಕೆ, ಅಂಗಿಗೆ ಹಾಕುವ ನೀಲಿ. ಮನೆಯಲ್ಲಿ ಅವ್ವ ಹಾಕುತ್ತಿದ್ದದ್ದೇ.

"ಮಾಮಾ, ಬರ್ಫ ಬೆಳ್ಳಗ ಇರತೈತಲ್ಲ?"

"ಬೆಳ್ಳಗ ಕಾಣಬೇಕಂದ್ರ ಬೆಳ್ಳಗ ಬರೀಬಾರದು ಅಳಿಯಾ. ಈ ಬಲ್ಬಿನ ಬೆಳಕಿಗೆ ಬರೇ ಬಿಳಿ ಹಚ್ಚಿದ್ರ ಜೋಳದ ಹಿಟ್ಟಿನಂಗ ಕಾಣತೈತಿ."

ರಾತ್ರಿ ನಾಟಕ. ಪರದೆ ಏರಿತು, ಕೈಲಾಸ ಕಂಡಿತು. ಮಾಮಾ ಹೇಳಿದ್ದು ನಿಜ, ಹಳದಿ ಬೆಳಕಿನಲ್ಲಿ ಬೆಟ್ಟ ಬೆಳ್ಳಗೆ ಹೊಳೆಯುತ್ತಿತ್ತು. ಮೇಲಿನ ಅಟ್ಟಣಿಗೆಯಲ್ಲಿ ಒಬ್ಬ ಹುಡುಗ ಕೂತು ಹತ್ತಿಯ ಚೂರು ಉದುರಿಸುತ್ತಿದ್ದ. ಹಿಮಪಾತ. ನಮ್ಮ ಕಡೆ ಹತ್ತಿಗೆ ಬರವಿಲ್ಲ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹತ್ತಿರ ಹೋದರೆ ಪುಕ್ಕಟೆ ಸಿಗುತ್ತದೆ. ಹತ್ತಿ ಬಹಳ ಚೆನ್ನಾಗಿ ಬಿತ್ತು. ಎಷ್ಟು ಚೆನ್ನಾಗಿ ಅಂದರೆ ಶಿವನ ಪಾತ್ರಧಾರಿಯ ಮೂಗಿನೊಳಗೂ ಹೋಗಿ, ಪಾರ್ವತಿ ಮಾತಾಡುವಾಗ ಶಿವ ಮೂರು ಸಲ ಸೀನಿದ. ಜನ ಚಪ್ಪಾಳೆ ಹೊಡೆದರು. ಕೈಲಾಸದ ಚಳಿಗೆ ಶಿವನಿಗೇ ನೆಗಡಿ ಆಯಿತು ಅಂದುಕೊಂಡಿರಬೇಕು.

ನನಗೆ ಹಿಮ ಅಂದರೆ ತಲೆಯಲ್ಲಿ ಇದ್ದದ್ದು ಇದು. ಸೋರುವ ಬಿಳಿ, ಒಂದು ಪೊಟ್ಟಣ ನೀಲಿ, ಜಿನ್ನಿನ ಹತ್ತಿ.

ಹನ್ನೊಂದು ಚಿತ್ರಗಳ ಜೊತೆ ಪ್ರಯಾಣ

ದೆಹಲಿಯ ಒಂದು ಗ್ಯಾಲರಿಯಲ್ಲಿ ನಾಲ್ಕು ಜನರ ಪ್ರದರ್ಶನ ಇತ್ತು. ನಾನೂ ಒಬ್ಬ. ಚಿತ್ರಗಳನ್ನು ಪಾರ್ಸಲ್ ಹಾಕಿದರೆ ಗಾಜು ಒಡೆಯುತ್ತದೆ ಅಂತ, ಫ್ರೇಮ್ ಕಟ್ಟುವ ನನ್ನ ಗೆಳೆಯ ತನ್ನ ಮಾರುತಿ ಇಕೋ ತೆಗೆದ. ಅವನಿಗೂ ದೂರದ ಹಾದಿಯಲ್ಲಿ ಗಾಡಿ ಓಡಿಸುವ ಹುಚ್ಚು. ಬೆಳಗಾವಿ, ಪುಣೆ, ರಾಜಸ್ಥಾನ ದಾಟಿ ನಾಲ್ಕನೇ ದಿನ ದೆಹಲಿ. ಹದಿನಾಲ್ಕು ಚಿತ್ರ ಒಯ್ದಿದ್ದೆ, ಮೂರು ಮಾರಾಟವಾದವು. ಅದರಲ್ಲಿ ಒಂದನ್ನು ತಗೊಂಡವರು ಹುಬ್ಬಳ್ಳಿಯವರು. ಚಿತ್ರಕ್ಕಿಂತ ಜಾಸ್ತಿ ಊರಿನ ಅಭಿಮಾನಕ್ಕೆ ತಗೊಂಡರು ಅಂತ ನನಗೆ ಈಗಲೂ ಅನುಮಾನ.

ಉಳಿದ ಹನ್ನೊಂದನ್ನು ಹಳೇ ಕೌದಿಯಲ್ಲಿ ಸುತ್ತಿ ಗಾಡಿಗೆ ಹಾಕಿದೆವು. ನಾನು ಸಪ್ಪಗೆ ಕೂತಿದ್ದೆ. ಗೆಳೆಯ ಗಾಡಿ ಚಾಲೂ ಮಾಡಿ ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಮಾಸ್ತರ, ಊರಿನ ಹಾದಿ ಎಡಕ್ಕ. ಬಲಕ್ಕ ಹೋದ್ರ ಮನಾಲಿ. ಬರ್ಫ ನೋಡೀಯೇನು ನೀ?" ಅಂದ. ನೋಡಿಲ್ಲ ಅಂದೆ. "ಮತ್ತ ಇಷ್ಟ ದಿನ ಏನ್ ಬರದಿ?" ಅಂದ. ಉತ್ತರ ಹೇಳುವಷ್ಟರಲ್ಲಿ ಗಾಡಿ ಬಲಕ್ಕೆ ತಿರುಗಿತ್ತು.

ದೆಹಲಿಯಿಂದ ಮನಾಲಿಗೆ 500 ಕಿಲೋಮೀಟರಿಗೂ ಜಾಸ್ತಿ. ಪಂಜಾಬಿನ ಬಯಲಲ್ಲಿ ಕೈ ಮುಂದೆ ಮಾಡಿದರೆ ಕೈ ಕಾಣದಂಥ ಮಂಜು. ಮುಂದಿನ ಲಾರಿಯ ಹಿಂದಿನ ಕೆಂಪು ದೀಪ ಹಿಡಿದುಕೊಂಡು ತಾಸುಗಟ್ಟಲೆ ಹೋದೆವು. ಕೀರತ್‌ಪುರ ದಾಟಿ ಗುಡ್ಡ ಹತ್ತಿದ ಮೇಲೆ ಹೊಸ ಸುರಂಗಗಳು ಒಂದರ ಹಿಂದೆ ಒಂದು. ಮಂಡಿಯಿಂದ ಬಿಯಾಸ್ ನದಿ ಪಕ್ಕಕ್ಕೆ ಬಂತು. ಔಟ್ ಸುರಂಗದಿಂದ ಆಚೆ ಬಂದಾಗ ಕುಲು ಕಣಿವೆ. ಎಲೆ ಉದುರಿದ ಸೇಬಿನ ಗಿಡಗಳು ಬೂದು ಕಡ್ಡಿಗಳ ಹಾಗೆ ನಿಂತಿದ್ದವು. ಹಿಮ ಎಲ್ಲೂ ಇಲ್ಲ. ಚಹಾದ ಅಂಗಡಿಯವನು, ಈ ವರ್ಷ ಇನ್ನೂ ಬಿದ್ದೇ ಇಲ್ಲ, ಬೇಕಾದರೆ ಅಟಲ್ ಸುರಂಗ ದಾಟಿ ಸಿಸ್ಸುವಿಗೆ ಹೋಗಿ, ಅಲ್ಲಿ ಬಿದ್ದ ಹಿಮ ಇರುತ್ತದೆ ಅಂದ. 9 ಕಿಲೋಮೀಟರಿನ ಆ ಸುರಂಗ 2020ರಲ್ಲಿ ಶುರುವಾದ ಮೇಲೆ ಎಲ್ಲರೂ ಅಲ್ಲಿಗೇ ಹೋಗುತ್ತಾರಂತೆ. ನನಗೆ ಬಿದ್ದದ್ದು ಬೇಕಿರಲಿಲ್ಲ. ಬೀಳುವುದನ್ನು ನೋಡಬೇಕಿತ್ತು. ಮನಾಲಿಯ ಗದ್ದಲವೂ ಬೇಡ ಅಂತ ನದಿಯ ಎಡದಂಡೆಯ ನಗ್ಗರ್‌ನಲ್ಲೇ ಇಳಿದೆವು.

ತಾತಗುಣಿಯ ಅಪ್ಪ

ನಗ್ಗರ್ ನನಗೆ ಪೂರ್ತಿ ಪರಊರಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದವರು ಅಲ್ಲಿ ರೋರಿಕ್ ಚಿತ್ರಗಳ ಗ್ಯಾಲರಿ ನೋಡಿರುತ್ತೀರಿ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟು, ಹಳೇ ಹಿಂದಿ ಸಿನಿಮಾದ ನಟಿ ದೇವಿಕಾ ರಾಣಿ, ಅವರ ಗಂಡ ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್. ಇಷ್ಟು ನಮಗೆಲ್ಲ ಗೊತ್ತು. ಸ್ವೆಟೊಸ್ಲಾವ್ ಅವರ ಅಪ್ಪ, ಹಿಮಾಲಯವನ್ನು ಬರೆದ ಚಿತ್ರಕಾರ ನಿಕೋಲಸ್ ರೋರಿಕ್ ರಷ್ಯಾದಿಂದ ಎಲ್ಲೆಲ್ಲೋ ಸುತ್ತಿ, 1928ರಲ್ಲಿ ಬಂದು ನೆಲೆಸಿದ್ದು ಈ ನಗ್ಗರ್‌ನಲ್ಲಿ. 1947ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲೇ. ಮನೆಯ ಕೆಳಗಿನ ಇಳಿಜಾರಿನಲ್ಲಿ ದೊಡ್ಡದೊಂದು ಕಲ್ಲು ನಿಲ್ಲಿಸಿದ್ದಾರೆ, ಅದೇ ಅವರ ನೆನಪಿನ ಗುರುತು. ಮನೆ ಈಗ ಮ್ಯೂಸಿಯಂ. ಮಗ ಬೆಂಗಳೂರಿನಲ್ಲಿ 1993ರಲ್ಲಿ ತೀರಿಕೊಂಡರು. ಅಪ್ಪ ಹಿಮದ ಬುಡದಲ್ಲಿ, ಮಗ ರಾಗಿ ಹೊಲಗಳ ಸೀಮೆಯಲ್ಲಿ.

ಹುಡುಗನಾಗಿದ್ದಾಗ ಪರಿಷತ್ತಿನಲ್ಲಿ ಅಪ್ಪ ರೋರಿಕ್ ಬರೆದ ಹಿಮಾಲಯದ ಚಿತ್ರ ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಗುಲಾಬಿ ಬೆಟ್ಟ, ನೇರಳೆ ಬೆಟ್ಟ, ಒಂದರ ಹಿಂದೆ ಒಂದು ಕತ್ತರಿಸಿ ಅಂಟಿಸಿದ ಹಾಗೆ. ಇದೇನು, ಕ್ಯಾಲೆಂಡರ್ ಚಿತ್ರದವರಿಗಿಂತ ಜಾಸ್ತಿ ಸುಳ್ಳು ಹೇಳುತ್ತಾರಲ್ಲ ಈ ದೊಡ್ಡ ಮನುಷ್ಯ ಅನ್ನಿಸಿತ್ತು. ಈಗ ನಗ್ಗರ್‌ನಲ್ಲಿ, ಸಂಜೆ ಮ್ಯೂಸಿಯಂನಿಂದ ಹೊರಗೆ ಬಂದಾಗ ಕಣಿವೆಯ ತುದಿಯ ಶಿಖರಗಳ ಮೇಲೆ ಮಾತ್ರ ಬಿಸಿಲಿತ್ತು. ಕೆಳಗೆಲ್ಲ ನೆರಳು. ಶಿಖರ ಗುಲಾಬಿ. ಅದರ ಕೆಳಗಿನ ಸಾಲು ನೇರಳೆ. ಅದರ ಕೆಳಗಿನದು ಕಡು ನೀಲಿ. ನಡುವೆ ಏನೂ ಇಲ್ಲ, ಕತ್ತರಿಸಿ ಅಂಟಿಸಿದ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಎಲ್ಲ ಬೂದಿ ಬಣ್ಣಕ್ಕೆ ತಿರುಗಿತು. ಮನುಷ್ಯ ಸುಳ್ಳು ಹೇಳಿರಲಿಲ್ಲ. ನೋಡಿದ್ದನ್ನು ಬರೆದಿದ್ದರು, ಅಷ್ಟೇ.

ಇನ್ನೊಂದು ಮಾತು, ಇದು ಬಣ್ಣ ಕಲಸುವವರಿಗೆ ಮಾತ್ರ. ಹಿರಿಯ ರೋರಿಕ್ ಜಾಸ್ತಿ ಬಳಸಿದ್ದು ಟೆಂಪೆರಾ, ಅಂದರೆ ಅಂಟಿನಂಥದ್ದರಲ್ಲಿ ಕಲಸಿದ ಪುಡಿ ಬಣ್ಣ. ಅದಕ್ಕೆ ಎಣ್ಣೆ ಬಣ್ಣದ ಹೊಳಪಿಲ್ಲ. ಹತ್ತಿರ ಹೋಗಿ ನೋಡಿದರೆ ಒಣಗಿದ ಮಣ್ಣಿನ ಗೋಡೆಯ ಹಾಗೆ ಇರುತ್ತದೆ. ಮಾಮಾನ ಪರದೆಯೂ ಹಾಗೇ ಇರುತ್ತಿತ್ತು. ಇದನ್ನು ಗೆಳೆಯನಿಗೆ ಹೇಳಿದೆ. ಅವನು ಆ ಚಿತ್ರಗಳ ಫ್ರೇಮಿನ ಮೂಲೆ ಹೇಗೆ ಕೂಡಿಸಿದ್ದಾರೆ ಅಂತ ಬಗ್ಗಿ ನೋಡುತ್ತಿದ್ದ.

ಬಿತ್ತು

ನಾವು ಇಳಿದುಕೊಂಡದ್ದು ಒಂದು ಹಳೇ ಮನೆಯಲ್ಲಿ. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ, ಮತ್ತೆ ಕಲ್ಲು, ಮತ್ತೆ ತೊಲೆ. ನಡುವೆ ಗಾರೆಯಿಲ್ಲ. ಕಾಠ್‌ಕುಣಿ ಅನ್ನುತ್ತಾರೆ. ಮನೆಯ ಅಮ್ಮಾಜಿಗೆ ಎಪ್ಪತ್ತು ದಾಟಿರಬೇಕು. ಎರಡನೇ ದಿನ ಬೆಳಗಿನಿಂದ ಮೋಡ. ಬೆಟ್ಟಗಳೇ ಇಲ್ಲ. ಅಮ್ಮಾಜಿ ಅಂಗಳದಲ್ಲಿ ನಿಂತು ಒಮ್ಮೆ ಮೇಲೆ ನೋಡಿ, ಸೌದೆಯನ್ನೆಲ್ಲ ಒಳಗಿಡಿ ಅಂತ ಮೊಮ್ಮಗನಿಗೆ ಹೇಳಿದರು. ನಮ್ಮ ಕಡೆ ಮಳೆಗೆ ಮುಂಚೆ ಕುಳ್ಳು ಒಳಗಿಡುತ್ತಾರಲ್ಲ, ಹಾಗೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮೊದಲು ಬಂದದ್ದು ಮಳೆ. ಜಿಟಿಜಿಟಿ. ನನಗೆ ನಿರಾಸೆ. ಸ್ವಲ್ಪ ಹೊತ್ತಿಗೆ ತಗಡಿನ ಮೇಲೆ ಸದ್ದು ಬದಲಾಯಿತು, ಕಾಳು ಚೆಲ್ಲಿದ ಹಾಗೆ. ಅಂಗಳದ ಚಪ್ಪಡಿಯ ಮೇಲೆ ಸಣ್ಣ ಸಣ್ಣ ಬಿಳಿ ಗುಂಡು ಪುಟಿಯುತ್ತಿದ್ದವು. ಕೈಯಲ್ಲಿ ಹಿಡಿದು ನೋಡಿದರೆ ಸಾಬೂದಾನಿಯೇ. ಒತ್ತಿದರೆ ಪುಡಿ. "ಇಷ್ಟೇನು?" ಅಂದ ಗೆಳೆಯ. ಒಳಗೆ ಹೋಗಿ ಚಹಾ ಕುಡಿಯತೊಡಗಿದೆವು. ಅರ್ಧ ಲೋಟ ಆಗಿರಬಹುದು, ತಗಡಿನ ಸದ್ದು ನಿಂತುಹೋಯಿತು. ಮಳೆ ನಿಂತಾಗ ಕಡಿಮೆಯಾಗುತ್ತಾ ನಿಲ್ಲುತ್ತದೆ, ಆಮೇಲೂ ಸೂರಿನ ಹನಿ ಬೀಳುತ್ತಿರುತ್ತದೆ. ಇದು ಯಾರೋ ರೇಡಿಯೋ ಬಂದ್ ಮಾಡಿದ ಹಾಗೆ ನಿಂತಿತು. ಅಮ್ಮಾಜಿ ಲೋಟದಿಂದ ಕಣ್ಣೆತ್ತದೆ, "ಬಂತು" ಅಂದರು.

ಹೊರಗೆ ಓಡಿದೆ. ತಲೆ ಎತ್ತಿ ನೋಡಿದೆ. ಆಕಾಶದ ತುಂಬ ಕಪ್ಪು ಚೂರು.

ನಿಜ ಹೇಳುತ್ತೇನೆ, ಮೊದಲು ಅನ್ನಿಸಿದ್ದು ಎಲ್ಲೋ ಏನೋ ಸುಡುತ್ತಿದ್ದಾರೆ ಅಂತ. ಕಬ್ಬಿನ ಗದ್ದೆಗೆ ಬೆಂಕಿ ಹಾಕಿದಾಗ ರವದಿಯ ಬೂದಿ ಹಾರಿ ಬರುತ್ತದಲ್ಲ, ಥೇಟ್ ಹಾಗೆ. ಬೂದು ಆಕಾಶದ ಮೇಲೆ ಅದಕ್ಕಿಂತ ಕಪ್ಪಗಿನ ಚುಕ್ಕೆಗಳು, ಸಾವಿರಗಟ್ಟಲೆ, ಅವಸರವಿಲ್ಲದೆ ಇಳಿಯುತ್ತಿವೆ. ಬಿಳಿ ಎಲ್ಲಿ? ನಾನು ಒಂದೇ ಒಂದು ಚೂರನ್ನು ಹಿಡಿದುಕೊಂಡೆ, ಕಣ್ಣಲ್ಲಿ. ತಲೆಯ ಮೇಲಿದ್ದಾಗ ಅದು ಕಪ್ಪು. ತೂಗಾಡುತ್ತಾ ಇಳಿಯಿತು. ಎದುರಿಗಿನ ದೇವದಾರು ಮರದ ತುದಿಯ ಮಟ್ಟಕ್ಕೆ ಬಂತು. ಹಿಂದೆ ಆಕಾಶ ಹೋಗಿ ಮರದ ಕಡು ಹಸಿರು ಬಂದ ಕೂಡಲೇ ಅದೇ ಚೂರು ಬೆಳ್ಳಗಾಯಿತು. ಕಣ್ಣು ಮಿಟುಕಿಸಿದೆ. ಇನ್ನೊಂದನ್ನು ಹಿಡಿದೆ. ಅದೂ ಹಾಗೇ. ಮೇಲೆ ಕಪ್ಪು, ಮರದ ತುದಿ ದಾಟಿದರೆ ಬಿಳಿ. ಮರದ ತುದಿಯಲ್ಲಿ ಯಾರೋ ಕೂತು ಒಂದೊಂದಕ್ಕೂ ಸುಣ್ಣ ಹಚ್ಚಿ ಬಿಡುತ್ತಿದ್ದಾರೆ.

ಇದರಲ್ಲಿ ಪವಾಡ ಏನೂ ಇಲ್ಲ. ಬೆಳಕು ಬರುವುದು ಆಕಾಶದಿಂದ. ಚೂರು ನನ್ನ ಮತ್ತು ಆಕಾಶದ ನಡುವೆ ಇದ್ದಾಗ ನನಗೆ ಕಾಣುವುದು ಅದರ ನೆರಳಿನ ಮಗ್ಗುಲು. ಆಕಾಶ ಅದಕ್ಕಿಂತ ಬೆಳಗಿರುತ್ತದೆ. ಹಿಂದೆ ಕತ್ತಲೆಯ ಮರ ಬಂದರೆ ಅದಕ್ಕಿಂತ ಚೂರೇ ಬೆಳಗು. ಯಾವ ಬಣ್ಣವೂ ಪಕ್ಕದ ಬಣ್ಣದಿಂದಲೇ ಆ ಬಣ್ಣ. ಇದನ್ನು ನಾನು ಎಂಟನೇ ಇಯತ್ತೆಯ ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುತ್ತೇನೆ. ಬೂದು ಕಾಗದದ ಚೌಕವನ್ನು ಒಮ್ಮೆ ಬಿಳಿಯ ಮೇಲೆ, ಒಮ್ಮೆ ಕರಿಯ ಮೇಲೆ ಇಟ್ಟು ತೋರಿಸುತ್ತೇನೆ. ಹೇಳಿಕೊಟ್ಟವನಿಗೇ ಗೊತ್ತಿರಲಿಲ್ಲ ಅಂದರೆ ಹೇಗೆ?

ಇನ್ನೊಂದು, ಅದು ಬೀಳುವ ರೀತಿ. ದೊಡ್ಡ ಮಳೆ ಹನಿ ಸೆಕೆಂಡಿಗೆ 8–9 ಮೀಟರ್ ವೇಗದಲ್ಲಿ ಇಳಿಯುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಅದು ಗೆರೆ, ಚಿತ್ರದಲ್ಲೂ ಗೆರೆ ಎಳೆಯುತ್ತೇವೆ. ಹಿಮದ ಚೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ನಾವು ನಡೆಯುವುದಕ್ಕಿಂತ ನಿಧಾನ. ಒಂದೊಂದನ್ನೂ ಹಿಂಬಾಲಿಸಬಹುದು. ಕೆಲವು ಅರ್ಧಕ್ಕೆ ಬಂದು ಮತ್ತೆ ಮೇಲಕ್ಕೆ ಹೋಗುತ್ತವೆ. ಪಕ್ಕಕ್ಕೆ ಸರಿಯುತ್ತವೆ. ಮಾಮಾನ ಕಂಪನಿಯ ಹತ್ತಿ ಇದನ್ನು ಮಾತ್ರ ಚೆನ್ನಾಗಿಯೇ ಮಾಡಿತ್ತು ಅಂತ ಅಲ್ಲಿ ನಿಂತು ನೆನೆದೆ. ಸದ್ದಿಲ್ಲದಿರುವುದಕ್ಕೂ ಕಾರಣ ಇದೆ. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಬರೀ ಗಾಳಿ. ಆ ಸಂದಿಗಳೊಳಗೆ ಸದ್ದು ಹೊಕ್ಕು ಹೊರಗೆ ಬರುವುದಿಲ್ಲ. ಕೆಳಗಿನ ರಸ್ತೆಯ ಬಸ್ಸಿನ ಹಾರ್ನು ಕೌದಿಯೊಳಗಿಂದ ಬಂದ ಹಾಗೆ ಕೇಳಿಸಿತು.

ಗೆಳೆಯ ಅಂಗಳದ ನಡುವೆ ನಾಲಿಗೆ ಚಾಚಿ ನಿಂತಿದ್ದ. ಐವತ್ತರ ಹತ್ತಿರದ ಗಂಡಸು, ಸಕ್ಕರೆ ಕಾಯಿಲೆಯವನು. ಸ್ವಲ್ಪ ಹೊತ್ತಿನ ಮೇಲೆ ನಾಲಿಗೆ ಒಳಗೆಳೆದುಕೊಂಡು, "ರುಚಿನ ಇಲ್ಲಲೋ ಮಾಸ್ತರ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಚಳಿಗೆ ಅಂತ ಅವನೇ ಹೇಳಿದ.

ಅವ್ವನಿಗೆ ಹೇಳುವುದು ಹೇಗೆ

ಕರೆಂಟು ಹೋಗಿತ್ತು, ಫೋನಿನಲ್ಲಿ ಚಾರ್ಜು ಸ್ವಲ್ಪ ಇತ್ತು. ಅವ್ವನಿಗೆ ಫೋನು ಹಚ್ಚಿದೆ.

"ಅವ್ವಾ, ಇಲ್ಲೆ ಬರ್ಫ ಬೀಳಾಕತ್ತೈತಿ."

"ಆಣಿಕಲ್ಲೇನು? ತಲಿಗೆ ಬಡದೀತು. ಒಳಗ ಕೂಡು."

"ಆಣಿಕಲ್ಲಲ್ಲ ಅವ್ವಾ. ಮಂಜು. ಬೆಳ್ಳಗ ಮಂಜು ಬೀಳಾಕತ್ತೈತಿ."

"ಇಲ್ಲೂ ಬಿದ್ದೈತಿ ಬಿಡು. ಮುಂಜಾನೆ ಎದುರುಮನಿ ಕಾಣವಲ್ದು. ಕಡ್ಲಿಗೆ ಚಲೋ ಆತು. ನಿಮ್ಮ ಕಾಕಾ ಹುಳಿ ಹಿಡಿಯಾಕ ಧೋತರ ಹಾಸಿ ಬಂದಾನ. ಉಂಡಿ?"

ನನ್ನ ಹತ್ತಿರ ಮಾತೇ ಉಳಿಯಲಿಲ್ಲ. ಆಣಿಕಲ್ಲು ಗೊತ್ತು, ಇಬ್ಬನಿ ಗೊತ್ತು, ಮಂಜು ಗೊತ್ತು, ಬರ್ಫ ಅಂದರೆ ಶರಬತ್ತಿಗೆ ಹಾಕುವ ಗಡ್ಡೆ. ಹಿಮ ಅನ್ನೋದು ಪುಸ್ತಕದ ಮಾತು, ಅವ್ವನ ಹತ್ತಿರ ಹಿಮ ಅಂದರೆ ಪುರಾಣ ಹೇಳಿದ ಹಾಗಾಗುತ್ತದೆ. ಬಿದ್ದೇ ಇಲ್ಲದ್ದಕ್ಕೆ ನಮ್ಮವರು ಹೆಸರು ಯಾಕೆ ಇಡಬೇಕು? "ಹೂಂ, ಉಂಡೆ" ಅಂದೆ.

ಆದರೆ ಅವ್ವ ಹೇಳಿದ ಧೋತರ ತಲೆಯಲ್ಲಿ ಕೂತುಬಿಟ್ಟಿತು. ಗೊತ್ತಿಲ್ಲದವರಿಗೆ: ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ರಾತ್ರಿ ಬಿಳಿ ಬಟ್ಟೆ ಹಾಸಿ ಬರುತ್ತಾರೆ. ಇಬ್ಬನಿ ಗಿಡದ ಹುಳಿಯನ್ನು ಕರಗಿಸಿಕೊಂಡು ಬಟ್ಟೆಗೆ ಇಳಿಯುತ್ತದೆ. ಬೆಳಗ್ಗೆ ಹಿಂಡಿದರೆ ಕಡಲೆ ಹುಳಿ, ಹೊಟ್ಟೆನೋವಿಗೆ ಮನೆಮದ್ದು. ಕರಿ ಎರೆಮಣ್ಣಿನ ಹೊಲದ ನಡುವೆ ಮಬ್ಬಿನಲ್ಲಿ ಒಂದು ಬೆಳ್ಳನೆಯ ಧೋತರ. ನನ್ನ ಇಡೀ ಬಾಲ್ಯದಲ್ಲಿ ನೋಡಿದ ಅತಿ ಬಿಳಿಯ ವಸ್ತು ಅದೇ ಇರಬೇಕು. ಅದನ್ನು ನಾನು ಒಂದು ಸಲವೂ ಬರೆದಿಲ್ಲ. ನೋಡದ ಹಿಮವನ್ನು ನೂರು ಸಲ ಬರೆದಿದ್ದೇನೆ.

ರಾತ್ರಿ ಅಮ್ಮಾಜಿ ಸಿಡ್ಡು ಮಾಡಿದರು. ಗೋಧಿ ಹಿಟ್ಟಿನೊಳಗೆ ಅಕ್ರೋಟ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಮೇಲೆ ತುಪ್ಪ. ನಮ್ಮ ಕಡುಬಿನ ದೊಡ್ಡಣ್ಣ. ಸೇಬಿಗೆ ಈ ಹಿಮವೇ ಗೊಬ್ಬರ, ಬಿಳಿ ಗೊಬ್ಬರ, ಚಳಿ ಸಾಲದಿದ್ದರೆ ಗಿಡ ಹೂ ಬಿಡೋದಿಲ್ಲ ಅಂದರು. ಡಿಸೆಂಬರಿನಿಂದ ಕಾದಿದ್ದರಂತೆ. ಅವ್ವ ಮತ್ತು ಅಮ್ಮಾಜಿ ಅಕ್ಕಪಕ್ಕ ಕೂತಿದ್ದರೆ, ಭಾಷೆ ಬರದಿದ್ದರೂ, ನನಗಿಂತ ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದರು.

ಒಂದು ಹಾಳಾದ ಕಾಗದ

ಊಟಕ್ಕೂ ಮುಂಚೆ, ಸಂಜೆ, ಇನ್ನೂ ಬೆಳಕಿದ್ದಾಗ ಒಂದು ಪ್ರಯತ್ನ ಮಾಡಿದ್ದೆ. ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಜಗುಲಿಯ ತುದಿಯಲ್ಲಿ ಕೂತು ಕಾಗದ ಬಿಚ್ಚಿದೆ. ಆಕಾಶಕ್ಕೆ ತೆಳುವಾಗಿ ಬೂದು ಬಣ್ಣ ಹರಿಸಿದೆ. ಗಾಳಿ ತಿರುಗಿ ಹಿಮ ಕಾಗದದ ಮೇಲೇ ಬಿತ್ತು. ಬಿದ್ದ ಕಡೆಯೆಲ್ಲ ಬಣ್ಣ ದೂರ ಸರಿದು ಒಂದೊಂದು ಬಿಳಿ ಹೂವು. ಬೆರಗಾಗಿ ನೋಡುತ್ತಿದ್ದಂತೆ ಅಂಚಿನಿಂದ ಬಣ್ಣ ಗಟ್ಟಿಯಾಗತೊಡಗಿತು. ಕುಂಚದ ತುದಿ ಕಡ್ಡಿಯ ಹಾಗಾಯಿತು. ನೀರಿಗೆ ಸ್ವಲ್ಪ ರಮ್ ಬೆರೆಸಿದರೆ ಬೇಗ ಹೆಪ್ಪುಗಟ್ಟೋದಿಲ್ಲ ಅಂತ ಕೇಳಿದ್ದೆ. ಗೆಳೆಯನನ್ನು ಕೇಳಿದೆ. ಅವನು ಬಾಟಲಿಯನ್ನು ಒಮ್ಮೆ, ನನ್ನ ಚಿತ್ರವನ್ನು ಒಮ್ಮೆ ನೋಡಿ, "ಬ್ಯಾಡ ಬಿಡು" ಅಂದ.

ಅಷ್ಟರಲ್ಲಿ ಕಾಗದದ ಮೇಲೆ ಗರಿಗಳು ಮೂಡಿದ್ದವು. ಉತ್ಪ್ರೇಕ್ಷೆ ಅಲ್ಲ. ಬಣ್ಣದ ನೀರು ಹೆಪ್ಪುಗಟ್ಟುವಾಗ ಬಣ್ಣದ ಪುಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನವಿಲುಗರಿಯ ಎಳೆಗಳ ಹಾಗೆ, ಜರಿಗಿಡದ ಎಲೆಯ ಹಾಗೆ ಗೆರೆಯಿಂದ ಗೆರೆ ಕವಲೊಡೆದು ಇಡೀ ಆಕಾಶ ತುಂಬಿತು. ನನ್ನ ಕೈಯಿಂದ ಜನ್ಮದಲ್ಲಿ ಅಂಥ ಗೆರೆ ಬಂದಿಲ್ಲ. ಜೋಪಾನವಾಗಿ ಎತ್ತಿಕೊಂಡು ಒಳಗೆ ಹೋಗಿ ತಂದೂರಿನ ಪಕ್ಕ ಇಟ್ಟೆ. ಅವರ ಕಡೆ ಕೋಣೆ ಬೆಚ್ಚಗಿಡುವ ಕಬ್ಬಿಣದ ಒಲೆಗೂ ತಂದೂರ್ ಅನ್ನುತ್ತಾರೆ. ಕೈ ಕಾಯಿಸಿಕೊಂಡು ತಿರುಗಿ ನೋಡಿದರೆ ಗರಿಗಳೆಲ್ಲ ಕರಗಿ ಬಚ್ಚಲ ನೀರಿನ ಬಣ್ಣ. ಹೊರಗೇ ಬಿಟ್ಟಿದ್ದರೆ ಆ ಚಳಿಯಲ್ಲೇ ಒಣಗಿ ಉಳಿಯುತ್ತಿತ್ತಂತೆ. ಆಮೇಲೆ ಗೊತ್ತಾಯಿತು.

ಮರುದಿನ ಬಿಸಿಲು ಬಿತ್ತು. ಆಕಾಶ ತೊಳೆದಿಟ್ಟ ಹಾಗೆ. ಅಂಗಳದ ಬೇಲಿಯ ನೆರಳು ಹಿಮದ ಮೇಲೆ ಉದ್ದಕ್ಕೆ ಬಿದ್ದಿತ್ತು. ಆ ನೆರಳು ನೀಲಿ. ಬೂದಲ್ಲ, ಕಪ್ಪಲ್ಲ, ಪೊಟ್ಟಣದ ನೀಲಿ. ನೆರಳಿಗೆ ಸೂರ್ಯನ ಬೆಳಕು ಸಿಗುವುದಿಲ್ಲ, ಸಿಗುವುದು ನೀಲಿ ಆಕಾಶದ್ದು ಮಾತ್ರ. ಬಿಳಿ ಹಿಮ ಅದನ್ನೇ ತೋರಿಸುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆ 1868–69ರಲ್ಲಿ ಇಂಥದ್ದೇ ಬೇಲಿ, ಇಂಥದ್ದೇ ನೆರಳು ಬರೆದಿದ್ದ, ಗೇಟಿನ ಮೇಲೆ ಒಂದು ಹಕ್ಕಿಯನ್ನೂ ಕೂರಿಸಿದ್ದ. ಪ್ಯಾರಿಸ್ಸಿನ ಸಲೋನ್ ಅನ್ನೋ ದೊಡ್ಡ ಚಿತ್ರಪ್ರದರ್ಶನದವರು ಅದನ್ನು ವಾಪಸ್ ಕಳಿಸಿದರು. ನಮ್ಮ ಮಾಮಾನ ಪರದೆಯನ್ನು ಯಾವ ಕಂಪನಿಯೂ ವಾಪಸ್ ಕಳಿಸಲಿಲ್ಲ. ಮಾಮಾ ಹಿಮ ನೋಡದೆಯೇ ಹೋದ. ಅವನು ನೀಲಿ ಹಾಕಿದ್ದು ಬಲ್ಬಿನ ಕಾರಣಕ್ಕೆ, ನೆರಳಿನ ಕಾರಣಕ್ಕಲ್ಲ. ಆದರೂ ಆ ಬೇಲಿಯ ಮುಂದೆ ನಿಂತು ಬಹಳ ಹೊತ್ತು ಅವನ ಜೇಬನ್ನೇ ನೆನೆಯುತ್ತಿದ್ದೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಜಪಾನಿನ ಹಿರೋಶಿಗೆ ಅನ್ನೋ ಚಿತ್ರಕಾರ ನೆನಪಾಗುತ್ತಿದ್ದ. ಇದೋದಿಂದ (ಈಗಿನ ಟೋಕಿಯೋ) ಕ್ಯೋಟೋಗೆ ಹೋಗುವ ತೊಕೈದೋ ಹೆದ್ದಾರಿಯ ಒಂದೊಂದು ತಂಗುದಾಣವನ್ನೂ 1830ರ ದಶಕದಲ್ಲಿ ಚಿತ್ರ ಮಾಡಿದವನು. ಅದರಲ್ಲಿ ಎಲ್ಲರಿಗೂ ಇಷ್ಟವಾದದ್ದು ಕಂಬಾರಾ ಅನ್ನೋ ಊರಿನ ರಾತ್ರಿ ಹಿಮ. ಬಗ್ಗಿ ನಡೆಯುವ ಮೂವರು, ಅವರಲ್ಲಿ ಒಬ್ಬ ಛತ್ರಿಯೊಳಗೆ, ಮನೆಗಳ ಮೇಲೆ ಮೆತ್ತಗಿನ ಹಿಮ, ಬಿಳಿಯೆಲ್ಲ ಖಾಲಿ ಬಿಟ್ಟ ಕಾಗದ. ತಮಾಷೆ ಅಂದರೆ ಕಂಬಾರಾ ಸಮುದ್ರದ ಪಕ್ಕದ ಬೆಚ್ಚಗಿನ ಊರು, ಅಷ್ಟೊಂದು ಹಿಮ ಅಲ್ಲಿ ಬೀಳುವುದೇ ಅಪರೂಪ. ಮೊದಲಾಗಿದ್ದರೆ ಇದನ್ನು ಕೇಳಿ ನನಗೆ ಧೈರ್ಯ ಬರುತ್ತಿತ್ತು, ನೋಡಿ, ದೊಡ್ಡವರೂ ಸುಮ್ನೆ ಬರೆದಿದ್ದಾರೆ ಅಂತ. ಆದರೆ ಅವನು ಬೇರೆ ಕಡೆ ಹಿಮ ನೋಡಿದ್ದವನು. ನೋಡಿದ ಹಿಮವನ್ನು ಇಲ್ಲದ ಊರಿಗೆ ಹೊತ್ತುಕೊಂಡು ಹೋದ. ನಾನು ಮಾಡಿದ್ದು ಅದಲ್ಲ.

ಶಟರು

ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಒಂದು ಹೊಸ ಐಸ್‌ಕ್ರೀಂ ಪಾರ್ಲರ್ ಶುರುವಾಯಿತು. ಬೋರ್ಡು ಫ್ಲೆಕ್ಸಿನದೇ, ಆದರೆ ಸುತ್ತಿಕೊಳ್ಳುವ ಶಟರಿಗೆ ಫ್ಲೆಕ್ಸ್ ಅಂಟುವುದಿಲ್ಲ. ಅದಕ್ಕೆ ಇನ್ನೂ ನಮ್ಮಂಥವರೇ ಬೇಕು. ಮಾಲೀಕ ನನ್ನ ಹಳೇ ವಿದ್ಯಾರ್ಥಿ. "ಸರ, ಬರ್ಫ ಬೀಳೋ ಸೀನರಿ ಮಾಡ್ರಿ" ಅಂದ. ನನಗೆ ಎಲ್ಲಿಲ್ಲದ ಹುಮ್ಮಸ್ಸು. ಎರಡು ರಾತ್ರಿ ಕೂತು ಬರೆದೆ. ಮೇಲೆ ಬೂದು ಆಕಾಶ, ಅದರ ತುಂಬ ಕಪ್ಪು ಚುಕ್ಕೆ. ಕೆಳಗೆ ದೇವದಾರು ಸಾಲು, ಅಲ್ಲಿಗೆ ಬಂದ ಕೂಡಲೇ ಚುಕ್ಕೆಗಳು ಬಿಳಿ. ಬರೆದು ದೂರ ನಿಂತು ನೋಡಿದೆ. ನಗ್ಗರ್‌ನ ಅಂಗಳದಲ್ಲೇ ನಿಂತ ಹಾಗಾಯಿತು.

ಬೆಳಗ್ಗೆ ಹುಡುಗ ಬಂದ. ಕೈ ಕಟ್ಟಿಕೊಂಡು ಬಹಳ ಹೊತ್ತು ನೋಡಿದ.

"ಸರ, ತಪ್ಪ ತಿಳಕೋಬ್ಯಾಡ್ರಿ. ಮ್ಯಾಲೆ ಇದೇನ್ರಿ, ಜಿನ್ನಿಗೆ ಬೆಂಕಿ ಬಿದ್ದಂಗ ಐತಲ್ರಿ?"

ನಾನು ಹೇಳಿದೆ. ಆಕಾಶದ ಬೆಳಕು, ನೆರಳಿನ ಮಗ್ಗುಲು, ಮರದ ತುದಿ. ಎಂಟನೇ ಇಯತ್ತೆಯ ಬೂದು ಚೌಕವನ್ನೂ ನೆನಪಿಸಿದೆ. ಅವನು ಶಾಲೆಯಲ್ಲಿ ಕೇಳುತ್ತಿದ್ದ ಹಾಗೇ ತಲೆಯಾಡಿಸುತ್ತಾ ಕೇಳಿದ.

"ಖರೇ ಇರಬೇಕ್ರಿ ಸರ. ನೀವು ಕಣ್ಣಾರೆ ನೋಡಿ ಬಂದೀರಿ. ಆದ್ರ ಗಿರಾಕಿಗೆ ಹೆಂಗ ಗೊತ್ತಾಗಬೇಕ್ರಿ?"

ಚಹಾ ತರಿಸಿದ. ಕುಡಿದೆ. ಡಬ್ಬ ಬಿಚ್ಚಿ ಆಕಾಶಕ್ಕೆ ನೀಲಿ ಬಳಿದೆ, ಕಪ್ಪು ಚುಕ್ಕೆಗಳೆಲ್ಲ ಮುಚ್ಚಿಹೋದವು. ಅದರ ಮೇಲೆ ದೊಡ್ಡದಾಗಿ ಅಂಗಡಿಯ ಹೆಸರು, ಅಕ್ಷರಗಳ ನೆತ್ತಿಯ ಮೇಲೆ ದಪ್ಪಗೆ ಹಿಮ. ಬಿಳಿಗೆ ಒಂದು ಚಿಟಿಕೆ ನೀಲಿ ಬೆರೆಸಿದೆ, ಅದನ್ನು ಅವನು ಗಮನಿಸಲಿಲ್ಲ.

"ಇನ್ನೊಂದೆರಡು ಹನಿ ಸೋರಸ್ರಿ ಸರ" ಅಂದ.

ಮೂರು ಸೋರಿಸಿದೆ. ಬಿಲ್ಲಿನಲ್ಲಿ ಹಿಮಕ್ಕೆ ಬೇರೆ ಹಾಕಿದೆ.